ಹಿಂದೆ ಕೂತವರು

ದೂರದ ಪ್ರಯಾಣಕ್ಕೆಂದು ಮಾಡಿದ ಮೋಟಾರ್ ಸೈಕಲ್ಲಿನ ಹಿಂಬದಿಯಲ್ಲಿ ಒಂದು ಪೆಟ್ಟಿಗೆ ಇರುತ್ತದೆ. ಅಂಗಡಿಯವರು ಟಾಪ್ ಬಾಕ್ಸ್ ಎನ್ನುತ್ತಾರೆ, ನಮ್ಮೂರಿನಲ್ಲಿ ಡಬ್ಬ ಎನ್ನುತ್ತಾರೆ. ಅದನ್ನು ಬಿಚ್ಚುವುದು ಕಷ್ಟದ ಕೆಲಸವಲ್ಲ. ಸಾಮಾನ್ಯವಾಗಿ ನಾಲ್ಕು ಬೋಲ್ಟು, ಕೆಳಗೊಂದು ಕಬ್ಬಿಣದ ಪಟ್ಟಿ, ಪೆಟ್ಟಿಗೆಗೆ ದೀಪವಿದ್ದರೆ ಒಂದು ವೈರಿನ ಜೋಡಣೆ. ಸ್ಪ್ಯಾನರ್ ಹಿಡಿಯಲು ಬರುವ ಯಾರಾದರೂ ಅರ್ಧ ಗಂಟೆಯಲ್ಲಿ ಮುಗಿಸಬಹುದು. ಆದರೆ ನನ್ನ ಗಾಡಿಯ ಪೆಟ್ಟಿಗೆಯನ್ನು ಬಿಚ್ಚಬೇಕೋ ಬೇಡವೋ ಎಂದು ತೀರ್ಮಾನಿಸಲು ನನಗೆ ಒಂದು ಮಳೆಗಾಲವೇ ಹಿಡಿಯಿತು. ಇಷ್ಟು ಚಿಕ್ಕ ಕೆಲಸ ಅಷ್ಟು ದೊಡ್ಡ ಯೋಚನೆಯಾದದ್ದು ಹೇಗೆ ಎಂಬುದನ್ನೇ ಇಲ್ಲಿ ಬರೆಯಬೇಕೆಂದಿದ್ದೇನೆ. ಯಾಕೆಂದರೆ ಆ ಯೋಚನೆ ಪೆಟ್ಟಿಗೆಯಲ್ಲಿ ನಿಲ್ಲಲಿಲ್ಲ. ನಾವೆಲ್ಲ ಸುಲಭವಾಗಿ ಒಪ್ಪಿಕೊಂಡಿರುವ ಒಂದು ನಂಬಿಕೆಯ ಬುಡಕ್ಕೆ ಬಂತು.

ಆ ನಂಬಿಕೆ ಇದು: ಭಾರ ಇಳಿಸಿಕೊಳ್ಳುವುದು ಯಾವಾಗಲೂ ಒಳ್ಳೆಯದು. ನಮ್ಮ ಮಾತೇ ಇದನ್ನು ಹೇಳಿಕೊಡುತ್ತದೆ. ಮನಸ್ಸು ಹಗುರಾಯಿತು ಎಂದರೆ ಸಮಾಧಾನ, ತಲೆಯ ಮೇಲೆ ಭಾರ ಎಂದರೆ ಸಂಕಟ. ಸಾಲ ಹೊರೆ, ಸಂಸಾರ ಹೊರೆ, ವಯಸ್ಸಾದ ಮೇಲೆ ದೇಹವೂ ಹೊರೆ. ಬಿಟ್ಟವರು ದೊಡ್ಡವರು, ಕಟ್ಟಿಕೊಂಡವರು ಸಾಮಾನ್ಯರು. ಹಳೆಯ ಕಾಲದ ವೈರಾಗ್ಯಕ್ಕೆ ಈಚೆಗೆ ಮಿನಿಮಲಿಸಂ ಎಂಬ ಹೆಸರೂ ಸೇರಿಕೊಂಡಿದೆ. ಕಡಿಮೆ ವಸ್ತು, ಕಡಿಮೆ ಚಿಂತೆ ಎಂಬ ಮಾತನ್ನು ದಿನಕ್ಕೊಮ್ಮೆಯಾದರೂ ಕೇಳುತ್ತೇವೆ. ಆ ಮಾತಿನಲ್ಲಿ ಸತ್ಯವಿಲ್ಲ ಎಂದು ನಾನು ಹೇಳಲಾರೆ. ನನ್ನದೊಂದು ಚಿಕ್ಕ ಪ್ರಶ್ನೆ ಮಾತ್ರ: ಹಾಗೆ ಇಳಿಸಿದ ಭಾರ ಎಲ್ಲಿಗೆ ಹೋಗುತ್ತದೆ?

ಮೊದಲು ಬಿಚ್ಚಬೇಕೆನ್ನುವವರ ಮಾತು ಕೇಳೋಣ. ಅವರ ಬಳಿ ಗಟ್ಟಿಯಾದ ಕಾರಣಗಳಿವೆ. ಪೆಟ್ಟಿಗೆ ಕೂರುವುದು ಹಿಂದಿನ ಚಕ್ರದ ಅಚ್ಚಿಗಿಂತ ಹಿಂದಕ್ಕೆ, ಅದೂ ಎತ್ತರದಲ್ಲಿ. ಎರಡು ಚಕ್ರಗಳ ಅಚ್ಚುಗಳ ನಡುವೆ 1.4 ಮೀಟರ್ ಅಂತರವಿರುವ ಒಂದು ಗಾಡಿಯನ್ನು ಊಹಿಸಿಕೊಳ್ಳಿ. ಹಿಂದಿನ ಅಚ್ಚಿನಿಂದ 35 ಸೆಂಟಿಮೀಟರ್ ಆಚೆಗೆ 10 ಕಿಲೋ ತೂಕ ಇಟ್ಟರೆ ಹಿಂದಿನ ಚಕ್ರದ ಮೇಲೆ ಬೀಳುವುದು 10 ಕಿಲೋ ಅಲ್ಲ, 12.5 ಕಿಲೋ. ಆ ಹೆಚ್ಚಿನ ಎರಡೂವರೆ ಕಿಲೋ ಮುಂದಿನ ಚಕ್ರದ ಪಾಲಿನಿಂದ ಕಳೆದುಹೋಗಿರುತ್ತದೆ. ಏತದ ಒಂದು ತುದಿ ತುಳಿದರೆ ಇನ್ನೊಂದು ತುದಿ ಮೇಲೇಳುವ ಲೆಕ್ಕವೇ ಇದು. ಗಾಡಿಗೆ ದಾರಿ ತೋರಿಸುವುದು ಮುಂದಿನ ಚಕ್ರ, ಬ್ರೇಕಿನ ಹೆಚ್ಚಿನ ಕೆಲಸ ಮಾಡುವುದೂ ಅದೇ. ಅದು ಹಗುರಾದರೆ ವೇಗದಲ್ಲಿ ಹ್ಯಾಂಡಲ್ ಸಡಿಲವಾದಂತೆ ತೋರುತ್ತದೆ. ಅಡ್ಡಗಾಳಿ ಬೀಸಿದರೆ ಎತ್ತರದ ಪೆಟ್ಟಿಗೆ ಹಾಯಿಯಂತೆ ಗಾಳಿಯನ್ನು ಹಿಡಿಯುತ್ತದೆ, ಗಾಡಿಯ ಹಿಂಭಾಗ ಓಲಾಡುತ್ತದೆ. ಅದಕ್ಕೇ ಅನೇಕ ಪೆಟ್ಟಿಗೆಗಳ ಒಳಗೆ, ಇಷ್ಟು ಕಿಲೋ ಮೀರಿ ತುಂಬಬೇಡಿ, ಇಷ್ಟು ವೇಗ ಮೀರಿ ಓಡಿಸಬೇಡಿ ಎಂದು ತಯಾರಿಸಿದವರೇ ಚೀಟಿ ಅಂಟಿಸಿರುತ್ತಾರೆ.

ಎರಡನೆಯ ಕಾರಣ ಅಂದ. ಪೆಟ್ಟಿಗೆ ತೆಗೆದ ಗಾಡಿಯ ಗೆರೆ ಮುಂದಿನಿಂದ ಹಿಂದಕ್ಕೆ ಒಂದೇ ಓಟದಲ್ಲಿ ಇಳಿಯುತ್ತದೆ. ಪೆಟ್ಟಿಗೆ ಇದ್ದರೆ ಒಳ್ಳೆಯ ಓಟದ ಕುದುರೆಗೆ ಗೋಣಿಚೀಲ ಹೇರಿದಂತೆ ಕಾಣುತ್ತದೆ. ಮೂರನೆಯದು ಶಿಸ್ತು. ಖಾಲಿ ಜಾಗ ಖಾಲಿ ಇರುವುದಿಲ್ಲ. ಪೆಟ್ಟಿಗೆ ಇದ್ದರೆ ಬೇಕಾಗಬಹುದು ಎಂದುಕೊಂಡದ್ದೆಲ್ಲ ಅದರೊಳಗೆ ಸೇರುತ್ತದೆ: ಹಳೆಯ ರೇನ್‌ಕೋಟು, ಅರ್ಧ ಖಾಲಿಯಾದ ನೀರಿನ ಬಾಟಲಿ, ಹಗ್ಗ, ಪಂಕ್ಚರ್ ಸಾಮಾನು, ಯಾವುದೋ ಮದುವೆಯಲ್ಲಿ ಕೊಟ್ಟ ತಾಂಬೂಲದ ಚೀಲ. ಪೆಟ್ಟಿಗೆ ಹೋದರೆ ಈ ಬೇಕಾಗಬಹುದುಗಳೂ ಹೋಗುತ್ತವೆ.

ಇದು ನನ್ನೊಬ್ಬನ ಚಪಲವಲ್ಲ. ಪೆಟ್ಟಿಗೆಯನ್ನು ಕೂರಿಸುವುದು, ತೆಗೆಯುವುದು, ಮತ್ತೆ ಕೂರಿಸುವುದು ದೊಡ್ಡ ಮೋಟಾರ್ ಸೈಕಲ್ಲುಗಳ ಚರಿತ್ರೆಯಲ್ಲೇ ಇದೆ. ಹೋಂಡಾ ಕಂಪನಿಯ ಗೋಲ್ಡ್ ವಿಂಗ್ ಇದಕ್ಕೆ ಸರಿಯಾದ ಉದಾಹರಣೆ. 1975ರಲ್ಲಿ ಅದು ಮೊದಲು ಬಂದಾಗ ಗಾಳಿತಡೆ, ಪೆಟ್ಟಿಗೆ ಏನೂ ಇಲ್ಲದ ಬರಿಯ ಗಾಡಿ. ಕೊಂಡವರು ದೂರದೂರ ಹೋಗಲು ತೊಡಗಿ ತಾವೇ ಅದಕ್ಕೆ ಪೆಟ್ಟಿಗೆಗಳನ್ನು ಕೂರಿಸಿಕೊಂಡರು. 1980ರ ಇಂಟರ್‌ಸ್ಟೇಟ್ ಮಾದರಿಗೆ ಕಂಪನಿಯೇ ಗಾಳಿತಡೆ, ಪಕ್ಕದ ಪೆಟ್ಟಿಗೆ, ಹಿಂದಿನ ಪೆಟ್ಟಿಗೆ ಎಲ್ಲವನ್ನೂ ಜೋಡಿಸಿ ಕಳಿಸಿತು. ಮೂರು ದಶಕಗಳ ಬಳಿಕ ರುಚಿ ತಿರುಗಿತು. ಹಿಂದಿನ ಪೆಟ್ಟಿಗೆ ಇಲ್ಲದ ‘ಬ್ಯಾಗರ್’ ಗಾಡಿಗಳು ಚೆಂದ ಎನಿಸತೊಡಗಿದವು. 2013ರಲ್ಲಿ ಎಫ್6ಬಿ ಎಂಬ ಹೆಸರಿನಲ್ಲಿ ಅದೇ ಗಾಡಿ ಹಿಂದಿನ ಪೆಟ್ಟಿಗೆಯನ್ನು ಕಳಚಿ ಮಾರುಕಟ್ಟೆಗೆ ಬಂತು. ಪೆಟ್ಟಿಗೆಯ ಜೊತೆಗೆ ಹಿಂದೆ ಕೂತವರು ಒರಗುವ ಮೆತ್ತೆಯೂ ಹೋಯಿತು, ಏಕೆಂದರೆ ಆ ಮೆತ್ತೆ ಇದ್ದದ್ದೇ ಪೆಟ್ಟಿಗೆಯ ಮುಂಭಾಗದಲ್ಲಿ.

ನನ್ನ ಪ್ರಶ್ನೆಗೆ ಉತ್ತರದ ಎಳೆ ಸಿಕ್ಕಿದ್ದು ಈ ಕೊನೆಯ ಸಂಗತಿಯಲ್ಲಿ. ಓಡಿಸುವವರಿಗೆ ಪೆಟ್ಟಿಗೆ ಒಂದು ಹೊರೆ. ಹಿಂದೆ ಕೂತವರಿಗೆ ಅದೇ ಪೆಟ್ಟಿಗೆ ಆಸರೆ. ವಸ್ತು ಒಂದೇ, ಅರ್ಥ ಎರಡು, ನಡುವಿನ ದೂರ ಒಂದು ಗೇಣು. 2018ರಲ್ಲಿ ಗೋಲ್ಡ್ ವಿಂಗ್ ಹೊಸದಾಗಿ ಬಂದಾಗ ಹಿಂದಿನ ಪೆಟ್ಟಿಗೆ ಇಲ್ಲದ್ದೊಂದು, ಇರುವುದೊಂದು ಎಂದು ಎರಡು ಬಗೆಯಲ್ಲಿ ಬಂತು. ಪೆಟ್ಟಿಗೆ ಇರುವುದಕ್ಕೆ ಟೂರ್ ಎಂಬ ಹೆಸರು. ಅದರಲ್ಲೂ ಪೆಟ್ಟಿಗೆಯನ್ನು ಕಿರಿದು ಮಾಡಿದ್ದರು. 2021ರಲ್ಲಿ ಅದನ್ನು 50 ಲೀಟರಿನಿಂದ 61 ಲೀಟರಿಗೆ ಹಿಗ್ಗಿಸಿದರು, ಹಿಂದೆ ಕೂತವರ ಒರಗು ಮೆತ್ತೆಯ ಓರೆಯನ್ನು 16.9 ಡಿಗ್ರಿಯಿಂದ 24.5 ಡಿಗ್ರಿಗೆ ಸಡಿಲಿಸಿದರು. ಏಳೂವರೆ ಡಿಗ್ರಿ ಎಂದರೆ ಕಣ್ಣಿಗೆ ಕಾಣದಷ್ಟು. ನಾಲ್ಕು ಗಂಟೆ ಕೂತ ಸೊಂಟಕ್ಕೆ ಅದು ಗೊತ್ತಾಗುತ್ತದೆ.

ನನ್ನ ಗಾಡಿ ಅಷ್ಟು ದೊಡ್ಡದಲ್ಲ. ಪೆಟ್ಟಿಗೆಯೊಂದಿಗೇ ನನ್ನ ಕೈಗೆ ಬಂದ, ನಮ್ಮ ರಸ್ತೆಗಳಲ್ಲಿ ಸಾಮಾನ್ಯವಾಗಿ ಕಾಣುವ ಮಧ್ಯಮ ಗಾತ್ರದ್ದು. ಅದರಲ್ಲಿ ಬೆಂಗಳೂರಿನಿಂದ ಬಿ.ಎಚ್. ರಸ್ತೆ ಹಿಡಿದು ತುಮಕೂರು ದಾಟಿ ಅರಳಗುಪ್ಪೆಗೆ ಬರುತ್ತೇನೆ. ಊರಿನಲ್ಲಿ ಅಮ್ಮ ಇದ್ದಾರೆ, ಒಂದಿಷ್ಟು ತೆಂಗಿನ ಮರಗಳಿವೆ. ತಿಪಟೂರಿಗೆ ಡಾಕ್ಟರ ಹತ್ತಿರ ಹೋಗಲು, ನೆಂಟರ ಮನೆಗೆ ಹೋಗಲು ಅಮ್ಮ ನನ್ನ ಹಿಂದೆ ಕೂರುತ್ತಾರೆ. ಸೀರೆಯುಟ್ಟು ಎರಡೂ ಕಾಲನ್ನು ಎಡಗಡೆಗೆ ಹಾಕಿ ಕೂರುವುದು ಅವರ ರೂಢಿ. ಪೆಟ್ಟಿಗೆಯ ಮೆತ್ತೆಯನ್ನು ಮಾಡಿದವರಿಗೆ ಹೀಗೆ ಕೂರುವವರ ಕಲ್ಪನೆ ಇದ್ದಂತಿಲ್ಲ. ಅದು ಎರಡೂ ಕಡೆ ಕಾಲು ಹಾಕಿ ಕೂತವರ ಬೆನ್ನಿಗೆಂದು ಮಾಡಿದ್ದು. ಅಮ್ಮ ಅದನ್ನು ತಮ್ಮದೇ ರೀತಿಯಲ್ಲಿ ಬಳಸುತ್ತಾರೆ. ಬಲಗೈ ನನ್ನ ಹೆಗಲ ಮೇಲೆ, ಎಡಗೈ ಪೆಟ್ಟಿಗೆಯ ಮೇಲೆ. ಗಾಡಿ ಮುಂದಕ್ಕೆ ಜಿಗಿದಾಗ ಹಿಂದಕ್ಕೆ ಜಾರುವ ಮೈಯನ್ನು ಪೆಟ್ಟಿಗೆ ತಡೆಯುತ್ತದೆ. ಹಂಪಿನ ಮೇಲೆ ಹತ್ತಿ ಇಳಿಯುವಾಗ ಅವರ ಎಡಗೈ ಅದರ ಅಂಚನ್ನು ಹಿಡಿಯುತ್ತದೆ. ಇದನ್ನು ನಾನು ಕಣ್ಣಾರೆ ನೋಡುವುದು ಸಾಧ್ಯವಿಲ್ಲ, ನಾನು ಮುಂದೆ ನೋಡುತ್ತಿರುತ್ತೇನೆ. ಪೆಟ್ಟಿಗೆ ಬಿಚ್ಚುವ ವಿಚಾರ ಊಟದ ಹೊತ್ತಿನಲ್ಲಿ ಬಂದಾಗ ಅಮ್ಮ ಬೇಡ ಎನ್ನಲಿಲ್ಲ. “ಡಬ್ಬ ಬಿಚ್ಚಿದ್ರೆ ನಾನು ಎಲ್ಲಿಗಪ್ಪ ಆನ್ಕಳ್ಲಿ?” ಎಂದು ಕೇಳಿ ಮಜ್ಜಿಗೆ ಬಡಿಸಿದರು.

ಅದು ಆಕ್ಷೇಪಣೆಯಲ್ಲ, ವಿಚಾರಣೆ. ಇಳಿಸಿದ ಭಾರ ಎಲ್ಲಿಗೆ ಹೋಗುತ್ತದೆ ಎಂಬ ನನ್ನ ಪ್ರಶ್ನೆಯನ್ನು ಅವರು ಹಿಂದಿನ ಸೀಟಿನಿಂದ ಕೇಳಿದ್ದರು. ಹೆಚ್ಚುವರಿ ಎರಡೂವರೆ ಕಿಲೋ ಮುಂದಿನ ಚಕ್ರಕ್ಕೆ ವಾಪಸು ಬರುತ್ತದೆ, ಸರಿ. ಅಮ್ಮನ ಮೈಯ ತೂಕವನ್ನು ಇಷ್ಟು ದಿನ ತಡೆಯುತ್ತಿದ್ದದ್ದು ಇಲ್ಲವಾದರೆ ಆ ಕೆಲಸ ಅವರ ಭುಜಕ್ಕೆ, ಮಣಿಕಟ್ಟಿಗೆ, ಸೊಂಟಕ್ಕೆ ಬರುತ್ತದೆ. ನಾನು ಹಗುರಾಗುತ್ತೇನೆ, ಅವರು ಬಿಗಿಯಾಗಿ ಕೂರಬೇಕಾಗುತ್ತದೆ. ಭಾರ ಎಲ್ಲಿಗೂ ಹೋಗಿರುವುದಿಲ್ಲ, ಒಂದು ಗೇಣು ಹಿಂದಕ್ಕೆ ಸರಿದಿರುತ್ತದೆ.

ನಮ್ಮೂರಿನ ಕಲ್ಲೇಶ್ವರ ಗುಡಿಯನ್ನು ನೋಡಿದವರಿಗೆ ಅದರ ಭುವನೇಶ್ವರಿ ನೆನಪಿರುತ್ತದೆ. ಒಂಬತ್ತನೆಯ ಶತಮಾನದ ಕೆಲಸ ಅದು. ನಡುವೆ ನರ್ತಿಸುವ ಶಿವ, ಸುತ್ತಲೂ ಅಷ್ಟದಿಕ್ಪಾಲಕರು. ಇಂದ್ರನಿಗೆ ಆನೆ, ಅಗ್ನಿಗೆ ಟಗರು, ಯಮನಿಗೆ ಕೋಣ, ವರುಣನಿಗೆ ಮೊಸಳೆ ಎಂದು ಪುರಾಣ ಅವರಿಗೆ ವಾಹನಗಳನ್ನು ಹಂಚಿದೆ. ಎಂಟು ದಿಕ್ಕು ಕಾಯುವ ಈ ಸವಾರರಿಗೆ ಆಯುಧ ಉಂಟು, ಗಂಟುಮೂಟೆ ಇಲ್ಲ. ಪ್ರಯಾಣದ ನಮ್ಮ ಆದರ್ಶವೂ ಅದೇ: ವಾಹನ, ಸವಾರ, ದಿಕ್ಕು, ಇಷ್ಟೇ. ಆದರೆ ದೇವರಿಗೆ ಸೊಂಟ ನೋಯುವುದಿಲ್ಲ. ಆ ಗುಡಿಗೆ ಹೋದಾಗ ಅಮ್ಮ ಕತ್ತೆತ್ತಿ ಒಮ್ಮೆ ಕೈಮುಗಿದು, ಒರಗಿ ಕೂರಲು ಒಂದು ಕಂಬ ಹುಡುಕುತ್ತಾರೆ. ಮೇಲಿನ ಅಷ್ಟು ದೊಡ್ಡ ಕಲ್ಲನ್ನು ಹೊತ್ತಿರುವ ಕಂಬ ಒರಗಿದವರಿಗೂ ಆಗುತ್ತದೆ. ಹೊರುವುದು ಮತ್ತು ಆಸರೆಯಾಗುವುದು ಬೇರೆಬೇರೆ ಕೆಲಸ ಎಂದು ಅದಕ್ಕೆ ಅನ್ನಿಸಿದಂತಿಲ್ಲ.

ಹಾಗಾದರೆ ಬಿಡುವುದೇ ತಪ್ಪೇ? ವೈರಾಗ್ಯವೆಲ್ಲ ಇನ್ನೊಬ್ಬರ ಹೆಗಲ ಮೇಲೆ ನಿಂತ ಸುಳ್ಳೇ? ಅಷ್ಟು ದೂರ ಹೋಗಬೇಕಿಲ್ಲ. ಕನ್ನಡದ ಪರಂಪರೆಯಲ್ಲೇ ಇದಕ್ಕೆ ಎರಡು ಒಳ್ಳೆಯ ಉತ್ತರಗಳಿವೆ.

ಒಂದು, ಆಯ್ದಕ್ಕಿ ಲಕ್ಕಮ್ಮನದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅವಳ ಗಂಡ ಮಾರಯ್ಯ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ ಮಾಡುತ್ತಿದ್ದ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದ. ನಮಗೆ ಇಷ್ಟು ಬೇಡ, ಹೆಚ್ಚಾದದ್ದನ್ನು ತಂದಲ್ಲಿಗೇ ಹಾಕಿ ಬಾ ಎಂದು ಲಕ್ಕಮ್ಮ ಕಳಿಸಿದಳು. ಈ ಕತೆಯನ್ನು ನಾವು ಆಸೆಯ ಮಿತಿಯ ಕತೆಯಾಗಿ ಓದುತ್ತೇವೆ. ಬೇಡ ಎಂದವರು ಯಾರು ಎಂಬುದನ್ನೂ ಗಮನಿಸಬೇಕು. ಆ ಅಕ್ಕಿಯನ್ನು ಅನ್ನ ಮಾಡಿ, ಬಂದವರಿಗೆ ಬಡಿಸಿ, ನಾಳೆ ಕಡಿಮೆ ಬಿದ್ದರೆ ಮೊದಲು ಖಾಲಿ ಮಡಕೆ ನೋಡಬೇಕಾದವಳು ಅವಳು. ಕೊರತೆ ಬಂದರೆ ತಾಕುವುದು ಯಾರಿಗೋ ಅವರ ಬಾಯಿಂದಲೇ ಸಾಕು ಎಂಬ ಮಾತು ಬಂತು. ಅದೇ ಅಕ್ಕಿಯನ್ನು ಮಾರಯ್ಯನೇ ಹಾದಿಯಲ್ಲಿ ಚೆಲ್ಲಿ ಬರಿಗೈಯಲ್ಲಿ ಮನೆಗೆ ಬಂದು ತ್ಯಾಗದ ಮಾತಾಡಿದ್ದರೆ ಈ ಕತೆಗೆ ಇಷ್ಟು ಬಲ ಇರುತ್ತಿರಲಿಲ್ಲ. ವಸ್ತು ಅದೇ, ಬಿಟ್ಟದ್ದೂ ಅಷ್ಟೇ, ಬಿಟ್ಟವರು ಬೇರೆಯಾದರೆ ಬಿಡುವಿಕೆಯೇ ಬೇರೆಯಾಗುತ್ತದೆ.

ಇನ್ನೊಂದು ಉತ್ತರ ನಮ್ಮ ಸೀಮೆಗೆ ಹತ್ತಿರದ ಶ್ರವಣಬೆಳಗೊಳದ್ದು. ದಿಗಂಬರ ಮುನಿಗಳಷ್ಟು ಪೂರ್ತಿಯಾಗಿ ಕಳಚಿಕೊಂಡವರು ಲೋಕದಲ್ಲಿ ಕಡಿಮೆ. ಮನೆ ಇಲ್ಲ, ಬಟ್ಟೆ ಇಲ್ಲ, ವಾಹನ ಇಲ್ಲ, ಪಾತ್ರೆಯೂ ಇಲ್ಲ. ದಿನಕ್ಕೊಮ್ಮೆ ನಿಂತುಕೊಂಡೇ ಅಂಗೈಯಲ್ಲಿ ಆಹಾರ. ಎಲ್ಲವನ್ನೂ ಬಿಟ್ಟ ಮೇಲೂ ಅವರ ಕೈಯಲ್ಲಿ ಒಂದು ಕಮಂಡಲು, ನವಿಲುಗರಿಯ ಒಂದು ಪಿಂಛಿ ಉಳಿಯುತ್ತದೆ. ಪಿಂಛಿ ಯಾಕೆ? ಕೂರುವ ಮೊದಲು ನೆಲದ ಮೇಲಿನ ಹುಳುಹುಪ್ಪಟೆಗಳಿಗೆ ನೋವಾಗದಂತೆ ಮೆಲ್ಲಗೆ ಸರಿಸಲು. ತನ್ನ ಮೈಯ ಮೇಲಿನ ನೂಲನ್ನೂ ಬಿಟ್ಟ ಮನುಷ್ಯ ಬಿಡದೆ ಉಳಿಸಿಕೊಂಡ ವಸ್ತು ಬೇರೆ ಜೀವಕ್ಕಾಗಿ. ಅಪರಿಗ್ರಹವನ್ನು ಅದರ ತುದಿಯವರೆಗೆ ಯೋಚಿಸಿದವರು ಎಲ್ಲ ಭಾರವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ. ನನಗಾಗಿ ಹೊತ್ತದ್ದು ಒಂದು ಬಗೆ, ಇನ್ನೊಂದು ಜೀವಕ್ಕಾಗಿ ಹೊತ್ತದ್ದು ಇನ್ನೊಂದು ಬಗೆ ಎಂಬುದು ಅವರಿಗೆ ಗೊತ್ತಿತ್ತು.

ಈ ಎರಡನೆಯ ಬಗೆಯ ಭಾರ ನಮ್ಮ ರಸ್ತೆಯ ಕಾನೂನಿನಲ್ಲೂ ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 123ನೆಯ ನಿಯಮ ಹೇಳುವುದು ಹಿಂದೆ ಕೂತವರ ಬಗ್ಗೆ. ಅವರಿಗೆ ಹಿಡಿದುಕೊಳ್ಳಲು ಹಿಡಿ ಇರಬೇಕು, ಕಾಲಿಡಲು ಮೆಟ್ಟು ಇರಬೇಕು, ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧಕ್ಕಾದರೂ ತಡೆ ಇರಬೇಕು. ನಾವು ಸೀರೆ ಗಾರ್ಡ್ ಎಂದು ಕರೆಯುವುದು ಆ ತಡೆಯನ್ನೇ. ಓಡಿಸುವವರಿಗೆ ಈ ಮೂರರಲ್ಲಿ ಒಂದೂ ಬೇಕಿಲ್ಲ. ಹೊಸ ಗಾಡಿ ತಂದ ಹುಡುಗರು ಮೊದಲು ಬಿಚ್ಚುವುದು ಸೀರೆ ಗಾರ್ಡನ್ನೇ, ಅದೂ ಅಂದಗೆಡಿಸುತ್ತದೆ ಎಂದು. 2020ರಲ್ಲಿ ಕೇಂದ್ರ ಸರ್ಕಾರ ಇದೇ ನಿಯಮಕ್ಕೆ ಹಿಂಬದಿಯ ಪೆಟ್ಟಿಗೆಯ ಅಳತೆಯನ್ನು ಸೇರಿಸಿತು: ಉದ್ದ 550, ಅಗಲ 510, ಎತ್ತರ 500 ಮಿಲಿಮೀಟರ್ ಮೀರಬಾರದು. ಪೆಟ್ಟಿಗೆಯನ್ನು ಹಿಂದಿನ ಸವಾರರ ಜಾಗದಲ್ಲೇ ಇಟ್ಟರೆ ಗಾಡಿಯಲ್ಲಿ ಒಬ್ಬರೇ ಹೋಗಬೇಕು. ಅವರ ಜಾಗದ ಹಿಂದಕ್ಕೆ ಇಟ್ಟರೆ ಇನ್ನೊಬ್ಬರು ಕೂರಬಹುದು. ಗಣಿತದಷ್ಟು ಒಣಗಿದ ಈ ವಾಕ್ಯದ ಒಳಗೆ ಒಂದು ನೀತಿ ಇದೆ. ಸಾಮಾನಿಗಿಂತ ಮೊದಲು ಆ ಜಾಗ ಮನುಷ್ಯರದು.

ನಮ್ಮ ಕಡೆಯ ರಸ್ತೆಗಳಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. 1980ರಲ್ಲಿ, ಗೋಲ್ಡ್ ವಿಂಗಿಗೆ ಕಂಪನಿಯೇ ಪೆಟ್ಟಿಗೆ ಕೂರಿಸಿದ ಅದೇ ವರ್ಷ, ಹೊಸೂರಿನಿಂದ ಟಿವಿಎಸ್ 50 ಬಂತು. ಇಬ್ಬರು ಕೂರಬಹುದಾದ ಮೊಪೆಡ್ ಎಂಬುದೇ ಅದರ ಹೆಚ್ಚುಗಾರಿಕೆ. ಅದರ ಮಕ್ಕಳು ಮರಿಗಳು ಇಂದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟಗಳಲ್ಲೆಲ್ಲ ಓಡಾಡುತ್ತಿವೆ. ಎಕ್ಸ್‌ಎಲ್ ಗಾಡಿಯ ಹಿಂದಿನ ಸೀಟು ಸಲೀಸಾಗಿ ಬಿಚ್ಚಲು ಬರುತ್ತದೆ. ತೋಟಕ್ಕೆ ಹೋಗುವಾಗ ಸೀಟು ಬಿಚ್ಚಿ, ಕಾಯಿಯ ಚೀಲ ಹೇರಿ, ಹಳೆಯ ಟ್ಯೂಬಿನಿಂದ ಬಿಗಿಯುತ್ತಾರೆ. ಸಂಜೆ ಹೆಂಡತಿಯನ್ನು ಜಾತ್ರೆಗೆ ಕರೆದೊಯ್ಯಬೇಕಾದರೆ ಸೀಟು ಮತ್ತೆ ಬರುತ್ತದೆ. ಅಲ್ಲಿ ಬಿಚ್ಚುವುದು ವ್ರತವಲ್ಲ, ಶೈಲಿಯಲ್ಲ. ಈಗ ಈ ಗಾಡಿಯ ಮೇಲೆ ಯಾರು, ಏನು ಬರುತ್ತಿದ್ದಾರೆ ಎಂಬ ಒಂದೇ ಪ್ರಶ್ನೆಗೆ ಉತ್ತರ.

ಮೋಟಾರ್ ಸೈಕಲ್ಲನ್ನು ತತ್ತ್ವಶಾಸ್ತ್ರದ ವಾಹನ ಮಾಡಿದ ಪ್ರಸಿದ್ಧ ಪುಸ್ತಕ ರಾಬರ್ಟ್ ಪಿರ್ಸಿಗ್ ಅವರ ‘ಝೆನ್ ಅಂಡ್ ದಿ ಆರ್ಟ್ ಆಫ್ ಮೋಟಾರ್‌ಸೈಕಲ್ ಮೇಂಟೆನೆನ್ಸ್’, 1974ರಲ್ಲಿ ಬಂದದ್ದು. 1968ರಲ್ಲಿ ಅವರು ಹೋಂಡಾ ಸೂಪರ್ ಹಾಕ್ ಗಾಡಿಯಲ್ಲಿ ಮಗ ಕ್ರಿಸ್‌ನನ್ನು ಹಿಂದೆ ಕೂರಿಸಿಕೊಂಡು ಮಿನ್ನೆಸೋಟದಿಂದ ಕ್ಯಾಲಿಫೋರ್ನಿಯಾಗೆ ಹೋದ ಪ್ರಯಾಣ ಅದರ ಹಂದರ. ಪುಸ್ತಕದ ಉದ್ದಕ್ಕೂ ತಂದೆ ಯೋಚಿಸುತ್ತಾನೆ. ಗುಣ ಎಂದರೇನು, ಯಂತ್ರವನ್ನು ಪ್ರೀತಿಸುವುದು ಎಂದರೇನು, ಬುದ್ಧಿ ಎಲ್ಲಿ ತುಂಡಾಯಿತು ಎಂದು ನೂರಾರು ಪುಟ. ಕೊನೆಗೆ ಹುಡುಗ ಕಾಲಿನ ಮೆಟ್ಟಿನ ಮೇಲೆ ಎದ್ದುನಿಂತು ತಂದೆಯ ಹೆಗಲ ಮೇಲಿಂದ ರಸ್ತೆ ನೋಡುತ್ತಾನೆ. ಅಷ್ಟು ಸಾವಿರ ಮೈಲಿ ಅವನಿಗೆ ಮುಂದೆ ಕಂಡದ್ದು ತಂದೆಯ ಬೆನ್ನು ಮಾತ್ರ ಎಂದು ಆಗ ನಮಗೆ ಹೊಳೆಯುತ್ತದೆ. ಅಷ್ಟೆಲ್ಲ ಚಿಂತನೆಗಿಂತ ಆ ಒಂದು ಸಂಗತಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿತು. ಒಂದೇ ಗಾಡಿಯಲ್ಲಿ ಎರಡು ಪ್ರಯಾಣಗಳು ನಡೆಯುತ್ತಿರುತ್ತವೆ. ಬರೆಯುವುದು ಮುಂದೆ ಕೂತವರು.

ಬೌದ್ಧರ ‘ಮಿಲಿಂದಪಞ್ಹ’ದಲ್ಲಿ ರಾಜ ಮಿಲಿಂದನನ್ನು ಭಿಕ್ಷು ನಾಗಸೇನ ಕೇಳುತ್ತಾನೆ: ನೀನು ಬಂದ ರಥ ಎಂದರೆ ಯಾವುದು? ಅಚ್ಚೇ ರಥವೇ, ಚಕ್ರವೇ, ನೊಗವೇ? ಯಾವುದೂ ಅಲ್ಲ. ಇವೆಲ್ಲ ಒಂದು ಜೋಡಣೆಯಲ್ಲಿ ಸೇರಿದಾಗ ರಥ ಎಂಬ ಹೆಸರು. ನಾನೆಂಬುದೂ ಹಾಗೆಯೇ ಒಂದು ಹೆಸರು ಎಂದು ತೋರಿಸಲು ಅವನು ಈ ಪ್ರಶ್ನೆ ಎತ್ತಿದ. ಅದನ್ನು ಗಾಡಿಯತ್ತ ತಿರುಗಿಸಿ ನೋಡಿದೆ. ಪ್ರವಾಸದ ಮೋಟಾರ್ ಸೈಕಲ್ ಎಂದರೆ ಯಾವುದು? ಎಂಜಿನ್ನೇ, ಹ್ಯಾಂಡಲ್ಲೇ, ಪೆಟ್ಟಿಗೆಯೇ? ಪೆಟ್ಟಿಗೆ ತೆಗೆದ ಮೇಲೂ ಅದು ಅದೇ ಗಾಡಿಯೇ? ಕಂಪನಿ ಹೆಸರು ಬದಲಿಸಿತು, ಅಷ್ಟು ಸುಲಭ. ಆದರೆ ಜೋಡಣೆ ಎಂದ ಮೇಲೆ ಅದರಲ್ಲಿ ಕಬ್ಬಿಣ ಮಾತ್ರ ಸೇರಬೇಕೆಂದಿಲ್ಲ. ನನ್ನ ಹೆಗಲ ಮೇಲಿನ ಬಲಗೈ, ಪೆಟ್ಟಿಗೆಯ ಮೇಲಿನ ಎಡಗೈ ಕೂಡ ಆ ಜೋಡಣೆಯ ಭಾಗ. ಅದನ್ನು ನನ್ನ ಗಾಡಿ ಎಂದು ಕರೆಯುವಾಗ ಈ ಎರಡು ಕೈಗಳನ್ನು ಲೆಕ್ಕದಿಂದ ಬಿಟ್ಟಿರುತ್ತೇನೆ.

ಇದಕ್ಕೆ ಒಂದು ಸುಲಭ ಪರಿಹಾರ ಇದೆ ಎಂದು ಗಾಡಿ ಬಲ್ಲವರು ಹೇಳಬಹುದು. ಒಂದು ತಟ್ಟೆ ಕೂರಿಸಿದರೆ ಸಾಕು, ಬೀಗದ ಕೈ ತಿರುಗಿಸಿದರೆ ಪೆಟ್ಟಿಗೆ ಕಳಚುತ್ತದೆ, ಬೇಕಾದಾಗ ಮತ್ತೆ ಕೂರುತ್ತದೆ. ಒಬ್ಬರೇ ಹೋಗುವಾಗ ತೆಗೆಯಿರಿ, ಇಬ್ಬರಾದಾಗ ಹಾಕಿರಿ. ಎಕ್ಸ್‌ಎಲ್ ಸೀಟಿನ ಹಾಗೆ. ಒಳ್ಳೆಯ ಸಲಹೆಯೇ. ಆದರೆ ಎಕ್ಸ್‌ಎಲ್ ಸೀಟು ಬಿಚ್ಚಿದ ಮೇಲೂ ಅದೇ ಮನೆಯ ಜಗಲಿಯ ಮೇಲೆ ಇರುತ್ತದೆ. ನನ್ನ ಪೆಟ್ಟಿಗೆ ಬೆಂಗಳೂರಿನ ಮನೆಯಲ್ಲಿ ಉಳಿಯುತ್ತದೆ, ಅದರ ಅಗತ್ಯ 140 ಕಿಲೋಮೀಟರ್ ಆಸುಪಾಸಿನ ದೂರದಲ್ಲಿ ಏಳುತ್ತದೆ. ನಾನು ಹೊರಡುವ ಬೆಳಿಗ್ಗೆ ಒಬ್ಬನೇ ಇರುತ್ತೇನೆ. ಹೊರಡುವಾಗ ಒಬ್ಬರೇ ಇರುವವರು ದಾರಿಯ ಕೊನೆಯಲ್ಲಿ ಯಾರಿಗೆ ಬೇಕಾಗುತ್ತೇವೆ ಎಂಬುದನ್ನು ಮರೆಯುವುದು ಬಹಳ ಸುಲಭ. ತಟ್ಟೆ ಬೋಲ್ಟಿನ ಕಷ್ಟವನ್ನು ಪರಿಹರಿಸುತ್ತದೆ. ನೆನಪಿಟ್ಟುಕೊಳ್ಳುವ ಕೆಲಸ ಹಾಗೇ ಉಳಿಯುತ್ತದೆ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿ. ಹೀಗೆ ಯೋಚಿಸುತ್ತಾ ಹೋದರೆ ಏನನ್ನೂ ಬಿಡಲಾಗುವುದಿಲ್ಲ. ಎಲ್ಲ ವಸ್ತುವಿನ ಹಿಂದೆಯೂ ಯಾರಾದರೂ ಒಬ್ಬರು ಸಿಗುತ್ತಾರೆ. ನಮ್ಮ ಭಯಗಳಿಗೆಲ್ಲ ಇನ್ನೊಬ್ಬರ ಹೆಸರಿಟ್ಟು ಹೊತ್ತುಕೊಂಡೇ ತಿರುಗಬಹುದು. ಈ ಮಾತಿನಲ್ಲಿ ಹುರುಳಿದೆ. ಅಮ್ಮನಿಗೆ ಬೇಕು ಎಂದುಕೊಂಡು ನಾನು ಪೆಟ್ಟಿಗೆಯಲ್ಲಿ ಇಟ್ಟುಕೊಂಡ ಅರ್ಧ ಸಾಮಾನು ಅಮ್ಮ ಎಂದೂ ಕೇಳದ್ದು. ಹಾಗಾಗಿ ಪೆಟ್ಟಿಗೆ ಒಂದು, ಅದರೊಳಗಿನದು ಇನ್ನೊಂದು ಎಂದು ಬೇರೆ ಮಾಡಿ ನೋಡಬೇಕು. ಒಳಗೆ ಕೆಲವು ಬಳಕೆಯವು: ಹಿಂದೆ ಕೂತವರ ಹೆಲ್ಮೆಟ್ಟು, ಮಾತ್ರೆಯ ಡಬ್ಬಿ, ರೇನ್‌ಕೋಟು. ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವೆಂದು ಕರ್ನಾಟಕ 2016ರ ಜನವರಿಯಲ್ಲಿ ಜಾರಿಗೆ ತಂದ ಮೇಲೆ ಆ ಎರಡನೆಯ ಹೆಲ್ಮೆಟ್ಟಿಗೆ ಒಂದು ಮನೆ ಬೇಕೇ ಬೇಕು. ಕೆಲವು ಭಯದವು: ದಾರಿಯಲ್ಲಿ ಏನಾದರೂ ಆಗಬಹುದು ಎಂದು ಸೇರಿಸಿಟ್ಟವು. ಭಯದವನ್ನು ಧಾರಾಳವಾಗಿ ತೆಗೆಯಬಹುದು, ಅದರಿಂದ ಯಾರ ಕೈಯೂ ಜಾರುವುದಿಲ್ಲ. ಮುಂದಿನ ಚಕ್ರಕ್ಕೆ ಬೇಕಾದ ತೂಕ ಬಹುಪಾಲು ಅಲ್ಲೇ ಮರಳಿ ಸಿಗುತ್ತದೆ.

ಬಿಡುವುದಕ್ಕೂ ಒಂದು ಕಾಲ ಇದೆ ಎಂಬುದನ್ನು ತೆಂಗಿನ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ತಿಪಟೂರಿನ ಉಂಡೆ ಕೊಬ್ಬರಿ ಆಗುವ ಬಗೆ ಹೀಗೆ: ಬಲಿತ ಕಾಯನ್ನು ಮಟ್ಟೆಯ ಸಮೇತ ಅಟ್ಟಕ್ಕೆ ಹಾಕುತ್ತಾರೆ. ಹತ್ತು ಹನ್ನೆರಡು ತಿಂಗಳು ಅದು ಅಲ್ಲೇ ಇರುತ್ತದೆ. ಒಳಗಿನ ನೀರು ಮೆಲ್ಲಗೆ ಇಂಗುತ್ತದೆ, ತಿರುಳು ಒಣಗಿ ಚಿಪ್ಪಿನಿಂದ ತಾನೇ ಬಿಡಿಸಿಕೊಳ್ಳುತ್ತದೆ. ಕೈಯಲ್ಲಿ ಹಿಡಿದು ಅಲುಗಿಸಿದರೆ ಒಳಗೆ ಗಲಗಲ ಸದ್ದು. ಆಮೇಲೆ ಮಟ್ಟೆ ಸುಲಿಯುತ್ತಾರೆ, ಚಿಪ್ಪು ಒಡೆಯುತ್ತಾರೆ. ಕಿಲೋಗೂ ಮೀರಿ ತೂಗುತ್ತಿದ್ದ ಕಾಯಿಂದ ಕೊನೆಗೆ ಉಳಿಯುವುದು ಸುಮಾರು 150 ಗ್ರಾಂ ಕೊಬ್ಬರಿ. ಇಷ್ಟು ಕಳಚಿಕೊಳ್ಳುವ ಇನ್ನೊಂದು ಬೆಳೆ ನನಗೆ ಕಂಡಿಲ್ಲ. ಆದರೆ ಅವಸರ ಮಾಡಿ ಎರಡನೆಯ ತಿಂಗಳಿಗೇ ಚಿಪ್ಪು ಒಡೆದರೆ ಸಿಗುವುದು ಹಸಿ ಕಾಯಿ, ಅದು ಅಡುಗೆಗಾದೀತು, ಅಟ್ಟಕ್ಕೆ ಮರಳದು. ಅಷ್ಟು ತಿಂಗಳು ಮಟ್ಟೆ ವ್ಯರ್ಥದ ಭಾರವಾಗಿರಲಿಲ್ಲ. ತಿರುಳು ಬಿಡಿಸಿಕೊಳ್ಳುವವರೆಗೆ ಅದಕ್ಕೆ ಕಾವಲಾಗಿತ್ತು. ಮತ್ತೆ ಸುಲಿದ ಮಟ್ಟೆಯೂ ಬಿಸಾಡುವುದಲ್ಲ. ಅದು ನಾರಾಗುತ್ತದೆ, ಇಲ್ಲವೇ ನೀರೊಲೆಗೆ ಹೋಗುತ್ತದೆ.

ಹೀಗೆ ಯೋಚಿಸಿ ನಾನು ಮೂರು ಪ್ರಶ್ನೆಗಳನ್ನು ಗಂಟು ಹಾಕಿಕೊಂಡಿದ್ದೇನೆ. ಇದು ಇಲ್ಲವಾದರೆ ಕೊರತೆ ಯಾರಿಗೆ ತಾಕುತ್ತದೆ? ಬಿಡುವ ಮಾತು ಅವರ ಬಾಯಿಂದ ಬಂದಿದೆಯೇ? ಒಳಗಿನದು ತಾನಾಗಿ ಬಿಡಿಸಿಕೊಂಡಿದೆಯೇ, ಅಥವಾ ನಾನು ಹಸಿಯಾಗಿರುವಾಗಲೇ ಒಡೆಯುತ್ತಿದ್ದೇನೆಯೇ? ಮೂರಕ್ಕೂ ಸರಿಯಾದ ಉತ್ತರ ಸಿಕ್ಕರೆ ಬಿಡುವುದಕ್ಕಿಂತ ದೊಡ್ಡ ಸುಖ ಇಲ್ಲ, ಅಲ್ಲಿ ನಾನು ದಿಗಂಬರರ ಪಕ್ಷ. ಸಿಗದಿದ್ದರೆ, ನಾವು ತ್ಯಾಗ ಎಂದು ಕರೆಯುತ್ತಿರುವುದು ಒಂದು ವರ್ಗಾವಣೆ. ಮನೆಯ ಕೆಲಸದಲ್ಲಿ, ಹಿರಿಯರ ಆರೈಕೆಯಲ್ಲಿ, ಊರು ಬಿಟ್ಟು ಪೇಟೆ ಸೇರುವಲ್ಲಿ, ಕೆಲಸ ಬಿಟ್ಟು ಮನಸ್ಸಿಗೆ ಬಂದದ್ದನ್ನು ಹುಡುಕಿ ಹೊರಡುವಲ್ಲಿ ಈ ಪ್ರಶ್ನೆಗಳು ಪೆಟ್ಟಿಗೆಗಿಂತ ದೊಡ್ಡದಾಗಿ ಎದುರಾಗುತ್ತವೆ. ಓದುತ್ತಿರುವ ನಿಮ್ಮಲ್ಲಿ ಹಲವರಿಗೆ ಇನ್ನೂ ಹೆಚ್ಚು ಹೊರೆ ಇರಲಿಕ್ಕಿಲ್ಲ. ಏನನ್ನು ಹೊರಬೇಕು ಎಂದು ಆಯ್ದುಕೊಳ್ಳುವ ವಯಸ್ಸಿನಲ್ಲೇ ಇದನ್ನು ಕೇಳಿಕೊಳ್ಳುವುದು ಒಳ್ಳೆಯದು.

ನನ್ನ ಗಾಡಿಯ ಪೆಟ್ಟಿಗೆ ಉಳಿದಿದೆ. ಒಳಗಿನ ಸಾಮಾನು ನಾಲ್ಕು ಕಿಲೋಗೆ ಇಳಿದಿದೆ. ಅಂದ ಸ್ವಲ್ಪ ಕಡಿಮೆ, ಹೆದ್ದಾರಿಯ ಗಾಳಿಗೆ ಒಂದಿಷ್ಟು ಓಲಾಟ ಇದ್ದೇ ಇದೆ, ಅದಕ್ಕೆ ತಕ್ಕ ವೇಗದಲ್ಲಿ ಓಡಿಸಿದರಾಯಿತು. ಗಾಡಿಯ ಎರಡು ಕನ್ನಡಿಗಳಲ್ಲಿ ಹಿಂದೆ ಬರುವ ಲಾರಿ ಕಾಣುತ್ತದೆ, ಬಸ್ಸು ಕಾಣುತ್ತದೆ, ಬಿಟ್ಟು ಬಂದ ರಸ್ತೆ ಕಾಣುತ್ತದೆ. ಹಿಂದೆ ಕೂತವರು ಮಾತ್ರ ಸರಿಯಾಗಿ ಕಾಣುವುದಿಲ್ಲ. ಅವರು ಹೇಗಿದ್ದಾರೆ ಎಂಬುದನ್ನು ಬಾಯಿಬಿಟ್ಟು ಕೇಳಿಯೇ ತಿಳಿಯಬೇಕು.